ಹಿರಿಯರ ಮಾತ್ರೆ ಡಬ್ಬಿಯನ್ನು ಪೂರ್ತಿ ನೋಡುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ವೃದ್ಧಾಶ್ರಮಗಳಲ್ಲಿ ಬೆಳಗಿನ ತಿಂಡಿ ಮುಗಿಯುತ್ತಿದ್ದಂತೆ ಮಾತ್ರೆಗಳ ಸರದಿ. ಒಬ್ಬೊಬ್ಬರಿಗೂ ಹೆಸರು ಬರೆದ ಒಂದು ಡಬ್ಬಿ. ಬಿಪಿಗೆ ಒಂದು, ಶುಗರ್‌ಗೆ ಎರಡು, ಹಾರ್ಟಿಗೆ ಒಂದು, ಗ್ಯಾಸ್ಟ್ರಿಕ್‌ಗೆ ಒಂದು, ಮಂಡಿನೋವಿಗೆ ಒಂದು, ಕ್ಯಾಲ್ಸಿಯಂ ಒಂದು, ರಾತ್ರಿ ನಿದ್ದೆಗೆ ಇನ್ನೊಂದು. ಒಂದೊಂದನ್ನೂ ಯಾರೋ ಒಬ್ಬ ಡಾಕ್ಟರು ಯಾವುದೋ ಕಾರಣಕ್ಕೆ ಬರೆದಿರುತ್ತಾರೆ. ಆದರೆ ಅಷ್ಟನ್ನೂ ಒಟ್ಟಿಗೆ ಮುಂದಿಟ್ಟುಕೊಂಡು, ಇದು ಈಗಲೂ ಬೇಕಾ ಎಂದು ಕೇಳಿದವರು ಯಾರು? ಹೃದಯದ ಡಾಕ್ಟರು ಹೃದಯ ನೋಡಿದರು, ಮೂಳೆ ಡಾಕ್ಟರು ಮೂಳೆ ನೋಡಿದರು. ಮಕ್ಕಳು ದೂರದ ಊರಿನಲ್ಲಿದ್ದಾರೆ. ಆಶ್ರಮದ ಸಿಸ್ಟರ್ ಚೀಟಿಯಲ್ಲಿ 1-0-1 ಎಂದಿದ್ದರೆ ಹಾಗೇ ಕೊಡುತ್ತಾರೆ. ಅವರದೇನು ತಪ್ಪು?

ಇದು ನಮ್ಮಲ್ಲಿ ಮಾತ್ರ ಇರುವ ತೊಂದರೆಯಲ್ಲ. ಇಂಗ್ಲೆಂಡಿನಲ್ಲಿ 55 ಆರೈಕೆ ಮನೆಗಳ 256 ಹಿರಿಯರ ಔಷಧಿಗಳನ್ನು ಕೂಲಂಕಷವಾಗಿ ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೆ ಸರಾಸರಿ 8 ಔಷಧಿ. ಹತ್ತರಲ್ಲಿ ಸುಮಾರು ಏಳು ಮಂದಿಯ ವಿಷಯದಲ್ಲಿ ಒಂದಾದರೂ ತಪ್ಪು ಸಿಕ್ಕಿತು. ಬರೆಯುವಾಗ, ಅಂಗಡಿಯಿಂದ ಕೊಡುವಾಗ, ನುಂಗಿಸುವಾಗ, ಆಮೇಲೆ ರಕ್ತಪರೀಕ್ಷೆ ಮಾಡಿಸುವಾಗ, ಎಲ್ಲೋ ಒಂದು ಕಡೆ.

ಈಗ ನಾನು ಹೇಳುವ ಸರಪಳಿಯನ್ನು ಸ್ವಲ್ಪ ಗಮನವಿಟ್ಟು ಕೇಳಿ. ಹಿರಿಯರ ಚಿಕಿತ್ಸೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಚಿತ್ರ.

ಎಂಬತ್ತರ ಆಸುಪಾಸಿನ ಒಬ್ಬ ತಾತ. ಬಿಪಿ ಮಾತ್ರೆಯ ಡೋಸ್ ಅವರ ವಯಸ್ಸಿಗೆ ಸ್ವಲ್ಪ ಜಾಸ್ತಿಯಾಗಿದೆ. ಹಾಸಿಗೆಯಿಂದ ಎದ್ದು ನಿಂತ ಕೂಡಲೇ ಬಿಪಿ ಇಳಿದು ತಲೆ ಸುತ್ತುತ್ತದೆ. ತಲೆಸುತ್ತು ಅಂದ ತಕ್ಷಣ ಅದಕ್ಕೊಂದು ಮಾತ್ರೆ ಬಂತು, ಸಿನ್ನರಿಜಿನ್ ಅಥವಾ ಪ್ರೋಕ್ಲೋರ್‌ಪೆರಜಿನ್. ನಾಲ್ಕು ದಿನಕ್ಕೆ ಸಾಕಾಗುವ ಮಾತ್ರೆ. ಎಂದು ನಿಲ್ಲಿಸಬೇಕೆಂದು ಯಾರೂ ಬರೆಯಲಿಲ್ಲ, ಹಾಗಾಗಿ ತಿಂಗಳುಗಟ್ಟಲೆ ನಡೆಯಿತು. ನಮ್ಮ ಚಲನೆಯನ್ನು ಹಿಡಿತದಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕ ಮಿದುಳಿನಲ್ಲಿದೆ. ಈ ಎರಡೂ ಮಾತ್ರೆಗಳಿಗೆ ಅದರ ಕೆಲಸವನ್ನು ತಡೆಯುವ ಗುಣವಿದೆ. ತಾತನ ಕೈ ನಡುಗಲು ಶುರುವಾಯಿತು. ಹೆಜ್ಜೆ ಚಿಕ್ಕದಾಯಿತು, ಮುಖದಲ್ಲಿ ಕಳೆ ಹೋಯಿತು. ನೋಡಿದವರು ಪಾರ್ಕಿನ್ಸನ್ ಅಂದರು. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಬಂತು. ಅದರಿಂದ ಬಾಯಿ ಒಣಗಿತು, ಮಲಬದ್ಧತೆಯಾಯಿತು, ಮೂತ್ರ ಕಟ್ಟಿತು, ಮರೆವು ಹೆಚ್ಚಿತು, ರಾತ್ರಿ ಏನೇನೋ ಬಡಬಡಿಕೆ. ಪಾಪ, ತಾತನಿಗೆ ಅರಳುಮರಳು ಅಂದರು. ಸುಮ್ಮನೆ ಮಲಗಲಿ ಎಂದು ಮತ್ತೊಂದು ಮಾತ್ರೆ ಸೇರಿತು. ಒಂದು ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯಿತು.

ಮೊದಲ ದಿನ ಏನು ಮಾಡಬಹುದಿತ್ತು? ತಾತನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಬೇಕಿತ್ತು. ಎಬ್ಬಿಸಿ ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಬೇಕಿತ್ತು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಬಿಪಿ ಮಾತ್ರೆಯ ಮೇಲೆ ಮೊದಲು ಅನುಮಾನ ಬರಬೇಕಿತ್ತು. ಖರ್ಚು ಏನೂ ಇಲ್ಲ. ಹಿರಿಯರಲ್ಲಿ ಹೊಸದಾಗಿ ಏನೇ ಕಾಣಿಸಿಕೊಳ್ಳಲಿ, ತಲೆಸುತ್ತು, ನಡುಕ, ಮಂಕು, ಕಾಲೂತ, ಊಟ ಬೇಡ ಅನ್ನುವುದು, ಇದು ಮಾತ್ರೆಯಿಂದಲೇ ಬಂದಿರಬಹುದಾ ಎಂದು ಮೊದಲು ಕೇಳಿ. ಹೊಸ ಮಾತ್ರೆಯ ಯೋಚನೆ ಆಮೇಲೆ.

ಇನ್ನೊಂದು ವಿಷಯ ಮೂತ್ರಪಿಂಡದ್ದು. ಲ್ಯಾಬ್ ರಿಪೋರ್ಟ್ ನೋಡಿ ಕಿಡ್ನಿ ನಾರ್ಮಲ್ ಅಂತ ಸಮಾಧಾನಪಡುವ ಅಭ್ಯಾಸ ನಮಗಿದೆ. 85 ವರ್ಷದ ಅಜ್ಜಿ, ತೂಕ 45 ಕಿಲೋ, ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 1.0. ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಇರುತ್ತದೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸೊರಗಿದ ಅಜ್ಜಿಯ ಮೈಯಲ್ಲಿ ಸ್ನಾಯುಗಳೇ ಕಡಿಮೆ, ಹಾಗಾಗಿ ಅಂಕಿಯೂ ಕಡಿಮೆ ಕಾಣುತ್ತದೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜು ಮಾಡಲು ಡಾಕ್ಟರುಗಳಿಗೆ ಗೊತ್ತಿರುವ 1976ರ ಒಂದು ಹಳೆಯ ಸೂತ್ರವಿದೆ. 140ರಲ್ಲಿ ವಯಸ್ಸನ್ನು ಕಳೆದರೆ 55. ಅದಕ್ಕೆ ತೂಕ 45ರಿಂದ ಗುಣಿಸಿ, 72ನ್ನು ಕ್ರಿಯಾಟಿನಿನ್‌ನಿಂದ ಗುಣಿಸಿ ಬಂದ ಅಂಕಿಯಿಂದ ಭಾಗಿಸಿ. 34 ಬರುತ್ತದೆ. ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ ಸುಮಾರು 29. ಯೌವನದಲ್ಲಿ ನಿಮಿಷಕ್ಕೆ 100 ಮಿಲಿಲೀಟರ್‌ನಷ್ಟು ಶುದ್ಧ ಮಾಡುತ್ತಿದ್ದ ಮೂತ್ರಪಿಂಡ ಈಗ ಮೂರನೇ ಒಂದು ಪಾಲೂ ಮಾಡುತ್ತಿಲ್ಲ. ಈ ಅಜ್ಜಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಅಪಾಯ. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ಡೋಸ್ ಇಳಿಸಬೇಕು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮುಂದುವರಿಸಬೇಕೋ ಬೇಡವೋ ಎಂದು ಮತ್ತೆ ಯೋಚಿಸಬೇಕು. ಎರಡು ನಿಮಿಷದ ಲೆಕ್ಕ ಇದು. ಪ್ರತಿ ಹಿರಿಯರ ಫೈಲಿನಲ್ಲೂ ಈ ಅಂಕಿ ಬರೆದಿಟ್ಟಿರಬೇಕು ಎನ್ನುವುದು ನನ್ನ ಕಳಕಳಿಯ ಕೋರಿಕೆ.

ಯಾವ ಮಾತ್ರೆ ಹಿರಿಯರಿಗೆ ಒಗ್ಗುವುದಿಲ್ಲ ಎಂಬ ಪಟ್ಟಿ ಇದೆಯಾ ಎಂದು ಕೇಳಬಹುದು. ಇದೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿ ಅದನ್ನು ಮಾಡಿದ್ದೇ ಆರೈಕೆ ಮನೆಗಳಲ್ಲಿರುವ ಹಿರಿಯರಿಗಾಗಿ. ಈಗ ಅಲ್ಲಿನ ಹಿರಿಯರ ವೈದ್ಯರ ಸಂಘ ಅದನ್ನು ಆಗಾಗ ತಿದ್ದುತ್ತದೆ. 2023ರಲ್ಲೂ ತಿದ್ದಿದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ದಿನಾ ಮಾರಾಟವಾಗುವ ಎಷ್ಟೋ ಮಾತ್ರೆಗಳು ಆ ಪಟ್ಟಿಯಲ್ಲಿವೆ: ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಂ, ಡಯಜೆಪಾಂ, ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ಖಿನ್ನತೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಶುಗರ್‌ಗೆ ಕೊಡುವ ಗ್ಲಿಬೆನ್‌ಕ್ಲಮೈಡ್. ಈ ಕೊನೆಯದರ ಬಗ್ಗೆ ಆಶ್ರಮದವರು ತುಂಬಾ ಎಚ್ಚರವಾಗಿರಬೇಕು. ಅಜ್ಜಿ ಅರ್ಧ ಇಡ್ಲಿ ತಿಂದು ತಟ್ಟೆ ಸರಿಸಿರುತ್ತಾರೆ, ಮಾತ್ರೆ ಮಾತ್ರ ಪೂರ್ತಿ ಒಳಗೆ ಹೋಗಿರುತ್ತದೆ. ಮಧ್ಯಾಹ್ನ ಶುಗರ್ ಇಳಿದು ಬೆವರುತ್ತಾ ಮಲಗಿದ್ದರೆ, ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಬಾಗಿಲು ಮುಂದೆ ಮಾಡುತ್ತಾರೆ. ಎಬ್ಬಿಸಿ ನೋಡಿ. ಗ್ಲುಕೋಮೀಟರ್ ಕೈಗೆಟಕುವಲ್ಲೇ ಇರಲಿ. ಇಷ್ಟು ವಯಸ್ಸಾಗಿ ಸೊರಗಿದವರಲ್ಲಿ ಶುಗರ್ ಅನ್ನು ಬಿಗಿಯಾಗಿ ಹಿಡಿಯುವ ಹಠ ಬೇಡ.

ಮರೆವಿನ ಕಾಯಿಲೆ ಇರುವವರು ಕೂಗಾಡಿದರೆ, ಓಡಾಡಿದರೆ, ಶಾಂತವಾಗಲಿ ಎಂದು ಮಾನಸಿಕ ರೋಗದ ಮಾತ್ರೆ ಕೊಡುವುದುಂಟು. ಇಂಥ ಹಿರಿಯರಲ್ಲಿ ಆ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧಿ ಇಲಾಖೆ 2005ರಲ್ಲೇ ಎಚ್ಚರಿಸಿತು. ತೀರಾ ಅನಿವಾರ್ಯವಾದಾಗ, ಸ್ವಲ್ಪ ಡೋಸ್, ಸ್ವಲ್ಪ ದಿನ ಅನ್ನುವುದಾದರೆ ಸರಿ. ಅದಕ್ಕೆ ಮೊದಲು ನೋಡಬೇಕಾದ್ದು ಬೇರೆಯೇ ಇದೆ. ಎರಡು ಮೂರು ದಿನದಿಂದ ಮಲವಿಸರ್ಜನೆ ಆಗಿಲ್ಲವಾ? ಮೂತ್ರದ ಸೋಂಕಾ? ಹೇಳಲಾಗದ ನೋವಾ? ಕಿವಿಯ ಮಿಷನ್ನಿನ ಬ್ಯಾಟರಿ ಮುಗಿದು ಏನೂ ಕೇಳಿಸದೆ ಗಾಬರಿಯಾಗಿದ್ದಾರಾ? ಕೂಗಾಟಕ್ಕೆ ಇದೇ ಕಾರಣವಾಗಿರುವುದು ಎಷ್ಟೋ ಸಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಇದನ್ನು ಕೇಳಿ ಯಾರೂ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ವರ್ಷಗಟ್ಟಲೆ ನುಂಗಿದ ನಿದ್ದೆ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆಯನ್ನೂ, ಸ್ಟೆರಾಯ್ಡ್ ಮಾತ್ರೆಯನ್ನೂ ಹಾಗೆ ಬಿಡುವಂತಿಲ್ಲ. ಡಾಕ್ಟರು ಹೇಳಿದಂತೆ, ಒಂದೊಂದನ್ನೇ, ನಿಧಾನವಾಗಿ ಇಳಿಸಬೇಕು. ಮಾತ್ರೆ ಕಡಿಮೆ ಮಾಡುವುದೊಂದೇ ಗುರಿಯೂ ಅಲ್ಲ. ಐರ್ಲೆಂಡಿನ ವೈದ್ಯರು 2008ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಿಲ್ಲಿಸಬೇಕಾದವುಗಳ ಜೊತೆಗೆ, ಬೇಕಾಗಿದ್ದೂ ಬಿಟ್ಟುಹೋದವುಗಳೂ ಇವೆ. ನೋವಿನಲ್ಲಿ ನರಳುತ್ತಿರುವವರಿಗೆ ವಯಸ್ಸಾಯಿತಲ್ಲ ಎಂದು ಏನೂ ಕೊಡದಿರುವುದೂ ಅನ್ಯಾಯವೇ.

ಆಶ್ರಮ ನಡೆಸುವವರಿಗೆ ಇನ್ನೆರಡು ಮಾತು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ದಿನಾ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಬರುತ್ತದೆ. ಚಾರ್ಟಿನಲ್ಲಿ ವಾರದ ಹೆಸರನ್ನೇ ದೊಡ್ಡದಾಗಿ ಬರೆಯಿರಿ. ಮಾತ್ರೆಯ ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿದ್ದರೆ ಅದನ್ನು ಕುಟ್ಟಿ ಪುಡಿ ಮಾಡಬೇಡಿ. ಇಡೀ ದಿನ ನಿಧಾನವಾಗಿ ಕರಗಬೇಕಾದದ್ದು ಒಂದೇ ಸಲ ರಕ್ತಕ್ಕೆ ಸೇರುತ್ತದೆ. ನುಂಗಲು ಕಷ್ಟವಾದರೆ ಸಿರಪ್ ಇದೆಯಾ ಕೇಳಿ.

ಅಮೆರಿಕದಲ್ಲಿ ಇಂಥ ಆರೈಕೆ ಮನೆಗಳಲ್ಲಿ ತಿಂಗಳಿಗೆ ಒಮ್ಮೆಯಾದರೂ ಫಾರ್ಮಸಿಸ್ಟ್ ಬಂದು ಪ್ರತಿಯೊಬ್ಬರ ಔಷಧಿ ಪಟ್ಟಿಯನ್ನು ನೋಡಲೇಬೇಕೆಂಬ ನಿಯಮವಿದೆ. ನಮ್ಮ ಆಶ್ರಮಗಳಿಗೂ ಇದು ಬರಬೇಕು. ಅಲ್ಲಿಯವರೆಗೆ ಮಕ್ಕಳು, ಬಂಧುಗಳು ಒಂದು ಕೆಲಸ ಮಾಡಬಹುದು. ಮುಂದಿನ ಸಲ ಭೇಟಿಗೆ ಹೋದಾಗ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ಫೋಟೋ ತೆಗೆದುಕೊಳ್ಳಿ. ಆಯುರ್ವೇದದ ಲೇಹ್ಯ, ಅಂಗಡಿಯಲ್ಲಿ ತಂದ ನೋವಿನ ಮಾತ್ರೆ, ಯಾವುದನ್ನೂ ಬಿಡಬೇಡಿ. ಕಂಪನಿ ಹೆಸರು ಬೇರೆಯಾಗಿದ್ದು ಒಳಗಿನ ಔಷಧಿ ಒಂದೇ ಆಗಿದೆಯಾ ನೋಡಿ. ಡೋಲೋ, ಕ್ಯಾಲ್ಪಾಲ್ ಎರಡೂ ಪ್ಯಾರಸಿಟಮಾಲೇ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದಿದ್ದರೆ ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಪಕ್ಕಪಕ್ಕ ಇಡಿ. ಆ ಫೋಟೋ ಹಿಡಿದು ಒಬ್ಬ ಡಾಕ್ಟರ ಹತ್ತಿರ ಹೋಗಿ ಒಂದೊಂದೇ ಮಾತ್ರೆ ತೋರಿಸಿ ಕೇಳಿ: ಇದು ಯಾತಕ್ಕೆ, ಎಷ್ಟು ದಿನ, ಇವರ ಕಿಡ್ನಿಗೆ ಈ ಡೋಸ್ ಸರಿನಾ?

ನಮಸ್ಕಾರ.