ಮೇಳದ ಹಾಡು ಯಾಕೆ ಓಡುತ್ತೆ? ರಂಗಗೀತೆ ತಾಲೀಮಿಂದ ಪ್ರದರ್ಶನದವರೆಗೆ

ಬನ್ನಿ, ನಾಟಕದ ತಾಲೀಮು ಶುರುವಾಗಿದೆ, ಕ್ಯಾಮೆರಾದಲ್ಲಿ ತೋರಿಸ್ತೀನಿ. ಒಟ್ಟಾಗಿ ಹಾಡೋ ಹನ್ನೆರಡು ಜನರ ಮೇಳ, ಎಂಟು ಮಾತ್ರೆಯ, ಅಂದ್ರೆ ಎಂಟು ಎಣಿಕೆಯ ಕೆಹರ್ವಾ ತಾಳ, ಒಂದು ಪಲ್ಲವಿ, ಮೂರು ಚರಣ. ಹಾಡು ಹೇಳಿಕೊಡೋದು ನಿಮಗೇ ಕಾಣ್ತಿದೆ, ಅದನ್ನ ಬಿಡ್ತೀನಿ.

ಶ್ರುತಿ ಬಗ್ಗೆ ಮಾತ್ರ ಹೇಳ್ಬೇಕು. ಹಾರ್ಮೋನಿಯಂನಲ್ಲಿ ಕರಿ ಒಂದು, ಅಂದ್ರೆ ಮೊದಲ ಕಪ್ಪು ಮನೆಯನ್ನ 'ಸ' ಅಂತ ಇಟ್ಟಿದಾರೆ. ಗಂಡಸರು ಕೆಳಗಿನ ಸ್ಥಾಯಿ, ಹೆಂಗಸರು ಮೇಲಿನದು. ಇಷ್ಟಕ್ಕೇ ಸರಿ ಹೋಗಲ್ಲ. ಮೊದಲು ಹಾಡಿನ ತೀರಾ ಕೆಳಗಿನ ಸ್ವರ, ತೀರಾ ಮೇಲಿನ ಸ್ವರ ಹುಡುಕಿ. ಈ ಶ್ರುತಿಯಲ್ಲಿ ಮಂದ್ರ ಪಂಚಮಕ್ಕಿಂತ (ತಮ್ಮ 'ಸ'ದ ಕೆಳಗಿನ 'ಪ') ಕೆಳಗಿಳಿದ್ರೆ ಹೆಂಗಸರ ದನಿ ಹಾಲಿಗೆ ಕೇಳಲ್ಲ. ತಾರ ಗಾಂಧಾರ (ಮೇಲಿನ 'ಸ' ದಾಟಿದ 'ಗ') ದಾಟಿದ್ರೆ ಗಂಡಸರು ಕಿರುಚ್ತಾರೆ.

ಈಗ ಕೇಳಿಸ್ಕೊಳ್ಳಿ, ಮೂರನೇ ಚರಣ. ಓಡ್ತಿದೆ, ಅಂದ್ರೆ ಲಯ ಜೋರಾಗ್ತಿದೆ! ಮೆಟ್ರೊನೋಮ್‌ನಲ್ಲಿ ನಿಮಿಷಕ್ಕೆ 100ಕ್ಕೆ ಎತ್ತಿಕೊಂಡ ಹಾಡು ಈಗ 116ರಲ್ಲಿದೆ. ಕೂತು ಹಾಡಿದಾಗ ಹೀಗಾಗಿರಲಿಲ್ಲ. ಎದ್ದು ಹೆಜ್ಜೆ ಹಾಕಿದ ತಕ್ಷಣ ಶುರುವಾಯ್ತು. ಎಲ್ಲರೂ ಢೋಲಕ್‌ನವರನ್ನ ಬೈತಾರೆ, ಅವರ ತಪ್ಪೇ ಅಲ್ಲ. ತಪ್ಪು ಗೆಜ್ಜೆಯದು. ಹಿಂದಿನ ಸಾಲಿನವರಿಗೆ ಢೋಲಕ್ಕಿಗಿಂತ ಪಕ್ಕದವರ ಗೆಜ್ಜೆ ಜೋರಾಗಿ ಕೇಳುತ್ತೆ. ತೂಕ ಮುಂದಕ್ಕೆ ಬಿದ್ದಾಗ ಪಾದ ಮಾತ್ರೆಗಿಂತ ಕೂದಲೆಳೆ ಮೊದಲೇ ನೆಲ ಮುಟ್ಟುತ್ತೆ, ಪಕ್ಕದವರು ಅದನ್ನೇ ತಾಳ ಅಂತ ಹಿಡೀತಾರೆ. ಪ್ರತಿ ಆವರ್ತಕ್ಕೂ (ಎಂಟು ಮಾತ್ರೆಯ ಒಂದು ಸುತ್ತು) ಚೂರು ಚೂರು ಸೇರ್ತಾ ಹೋಗುತ್ತೆ. ಇದರ ಜೊತೆಗೆ ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಢೋಲಕ್ 12 ಮೀಟರ್ ಆಚೆಯ ವಿಂಗಲ್ಲಿ, ಅಂದ್ರೆ ವೇದಿಕೆ ಪಕ್ಕದ ಮರೆಯಲ್ಲಿದ್ರೆ 35 ಮಿಲಿಸೆಕೆಂಡ್ ತಡ. ಒಂದು ತುದಿಯವರು ಮುಂದೆ, ಇನ್ನೊಂದು ತುದಿಯವರು ಹಿಂದೆ. ಹಾಡು ಓಡಿದ್ರೆ ಉಸಿರಿಗೆ ಜಾಗ ಇರಲ್ಲ, ಸಾಲಿನ ಕೊನೆ ಅಕ್ಷರ ನುಂಗಿ ಹೋಗುತ್ತೆ. ಪದ ಕೇಳದ ರಂಗಗೀತೆ ಯಾರಿಗೆ ಬೇಕು?

ಇದಕ್ಕೆ ಮೊದಲನೇ ಕೆಲಸ, ಗೆಜ್ಜೆ ಬಿಚ್ಚಿಸಿ ಅಭ್ಯಾಸ. ನಿರ್ದೇಶಕರು ಪ್ರತಿ ಮಾತ್ರೆಗೂ ಇಟ್ಟಿದ್ದ ಹೆಜ್ಜೆಯನ್ನ ಒಂದು ಮತ್ತು ಐದನೇ ಮಾತ್ರೆಗೆ ಮಾತ್ರ ಉಳಿಸಿದ್ರು, ನೋಡಿ, ಎಷ್ಟು ಶಾಂತವಾಯ್ತು. ಆಮೇಲೆ 70ರ ಲಯದಲ್ಲಿ ಇಡೀ ಹಾಡು. ನಿಧಾನಕ್ಕೆ ನಡೆಯೋದೇ ಕಷ್ಟ, ಅಲ್ಲೇ ಯಾರು ದೂಡ್ತಿದಾರೆ ಅಂತ ಗೊತ್ತಾಗೋದು.

ಟ್ರ್ಯಾಕ್, ಅಂದ್ರೆ ಮೊದಲೇ ರೆಕಾರ್ಡ್ ಮಾಡಿಟ್ಟ ಹಿಮ್ಮೇಳ ಹಾಕಿಬಿಟ್ರೆ ಓಡೋದೇ ಇಲ್ಲ ಅಂತಾರೆ. ನನಗೆ ಟ್ರ್ಯಾಕ್ ಬೇಡವೇ ಬೇಡ. ಚಪ್ಪಾಳೆ ಬಿದ್ದಾಗ ನಟ ಎರಡು ಆವರ್ತ ಕಾಯಬೇಕು, ಟ್ರ್ಯಾಕ್ ಕಾಯಲ್ಲ. ನಿರ್ದೇಶಕ ಬಿ.ವಿ. ಕಾರಂತರು ಬೆನಕ ತಂಡಕ್ಕೆ ಮಾಡಿಸಿದ 'ಸತ್ತವರ ನೆರಳು' ನಾಟಕ ನೆನೆಸ್ಕೊಳ್ಳಿ, ದಾಸರ ಪದಗಳನ್ನ ಮೇಳವೇ ಹಾಡಬೇಕು, ಅದರ ಜೀವ ಇರೋದೇ ಅಲ್ಲಿ. ಆದ್ರೂ... ಹೆಜ್ಜೆ ಕಲಿಯೋ ದಿನಗಳಲ್ಲಿ ಟ್ರ್ಯಾಕ್ ಇರ್ಲಿ. ಒಂದೇ ಸಾಲನ್ನ ನಲವತ್ತು ಸಲ ನುಡಿಸಿದ್ರೆ ಢೋಲಕ್‌ನವರ ಬೆರಳು ಏನಾಗ್ಬೇಕು?

ಇದು ಒತ್ತಕ್ಷರದ ಅಭ್ಯಾಸ. 'ಬೆಟ್ಟ', 'ಕತ್ತಲೆ' ಇಂಥ ಪದಗಳಲ್ಲಿ ನಾಲಿಗೆ ಕ್ಷಣ ತಡೆದು ನಿಲ್ಲುತ್ತೆ. ಹನ್ನೆರಡು ಜನ ಹನ್ನೆರಡು ಕಡೆ ಬಿಟ್ರೆ ಆಲಿಕಲ್ಲು ಬಿದ್ದ ಹಾಗೆ ಕೇಳುತ್ತೆ. ಯಾವ ಮಾತ್ರೆಗೆ ಬಿಡಬೇಕು ಅಂತ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿ. ಉಸಿರಿಗೂ ಹಾಗೇ. ಉದ್ದ ಎಳೆಯೋ ಸ್ವರದಲ್ಲಿ ಅಕ್ಕಪಕ್ಕದ ಇಬ್ಬರು ಒಟ್ಟಿಗೆ ಉಸಿರು ತಗೋಬಾರದು.

ಇನ್ನು ಪ್ರದರ್ಶನ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಾದ್ರೆ ಪ್ರೇಕ್ಷಕರು ಎದುರಿಗೆ ಮಾತ್ರ, ಮೇಳ ಅರ್ಧಚಂದ್ರಾಕಾರದಲ್ಲಿ ನಿಂತ್ರೆ ಸಾಕು. ಅದೇ ಊರಿನ ರಂಗಶಂಕರ ರಂಗಮಂದಿರದಲ್ಲಿ ಜನ ಮೂರು ಕಡೆ. ಅಲ್ಲಿ ಪ್ರತಿ ಚರಣಕ್ಕೂ ಮುಖ ಬೇರೆ ಕಡೆ ತಿರುಗಬೇಕು, ತಿರುಗಿದವರಿಗೆ ಹಾರ್ಮೋನಿಯಂ ಕಾಣಲ್ಲ. ಅದಕ್ಕೇ ಢೋಲಕ್ ಬಲಗೈಯನ್ನ ಮೇಳದ ಮುಂದಾಳು ನೋಡ್ತಾರೆ, ಉಳಿದವರು ಮುಂದಾಳಿನ ಭುಜ ನೋಡ್ತಾರೆ. ಎರಡೂ ವಿಂಗಲ್ಲಿ ಮೇಳಕ್ಕೆ ಕೇಳಿಸೋ ಮಾನಿಟರ್ ಸ್ಪೀಕರ್ ಇಡಿಸಿ, ಅದಕ್ಕೆ ಢೋಲಕ್ ಮತ್ತು ಶ್ರುತಿ ಸಾಕು, ದನಿ ಹಾಕಿದ್ರೆ ಮೈಕಿಗೆ ವಾಪಸ್ ಬಂದು ಕೂಗುತ್ತೆ.

ಮೊದಲ ಬೆಲ್ ಆಯ್ತು. ಗೆಜ್ಜೆ ಕಟ್ತಿದಾರೆ, ಗಂಟು ಹೊರಗಡೆ ಬರ್ಬೇಕು, ಒಳಗಿದ್ರೆ ಇನ್ನೊಂದು ಕಾಲಿನ ಗೆಜ್ಜೆಗೆ ಸಿಕ್ಕಿಹಾಕ್ಕೊಳ್ಳುತ್ತೆ. ಕ್ಯಾಮೆರಾ ಆಫ್ ಮಾಡ್ತೀನಿ, ಒಳಗೆ ಬಿಡಲ್ಲ.