ಎಲ್ಲಾ ಕರಗಿತು, ಮತ್ತೆ ಕೊಳೆ ಎಲ್ಲಿ ಹೋಯ್ತು?

[ತೆರೆಯ ಮೇಲೆ: ಕೋನಿಕಲ್ ಫ್ಲಾಸ್ಕ್, ಒಳಗೆ ತುಸು ಹಳದಿ ಬಿಸಿ ದ್ರಾವಣ]

ನಮಸ್ಕಾರ. ಹಿಂದಿನ ವಿಡಿಯೋ ನೋಡಿದವರೊಬ್ಬರು ಕೇಳಿದ ಪ್ರಶ್ನೆ ಎರಡು ವಾರದಿಂದ ತಲೆ ಕೊರೀತಾ ಇದೆ. "ರೀಕ್ರಿಸ್ಟಲೈಸೇಶನ್, ಅಂದ್ರೆ ಪುಡಿಯನ್ನ ಕರಗಿಸಿ ಮತ್ತೆ ಹರಳಾಗಿಸಿ ಶುದ್ಧ ಮಾಡುವಾಗ, ಪುಡಿ, ಅದರಲ್ಲಿರೋ ಕೊಳೆ ಎರಡನ್ನೂ ಬಿಸಿ ನೀರಲ್ಲಿ ಕರಗಿಸ್ತೀರಿ. ತಣ್ಣಗಾದಾಗ ಪುಡಿ ಮಾತ್ರ ಹರಳಾಗಿ ಹೊರಗೆ ಬರುತ್ತೆ. ಕೊಳೆಗೆ ನೀನು ಬರಬೇಡ ಅಂತ ಹೇಳಿದ್ದು ಯಾರು?"

ಒಳ್ಳೇ ಪ್ರಶ್ನೆ. ನಾನೂ ಲ್ಯಾಬ್ ರೆಕಾರ್ಡ್‌ನಲ್ಲಿ "ಕಲ್ಮಶಗಳು ದ್ರಾವಣದಲ್ಲೇ ಉಳಿಯುತ್ತವೆ" ಅಂತ ಬರೆದು ಸಹಿ ಹಾಕಿಸಿಕೊಂಡವನೇ. ಯಾಕೆ ಉಳೀತವೆ ಅಂತ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಮೂಲ ವಿಚಾರ ಬೇಗ ಮುಗಿಸೋಣ. ಬಹಳಷ್ಟು ಘನವಸ್ತುಗಳು ಬಿಸಿ ದ್ರಾವಕದಲ್ಲಿ ಹೆಚ್ಚು, ತಣ್ಣನೆಯದರಲ್ಲಿ ಕಡಿಮೆ ಕರಗ್ತವೆ. ಬಿಸಿಯಲ್ಲಿ ಕರಗಿಸು, ತಣಿಸು, ಸೋಸು. ಅಷ್ಟೇ.

[ತೆರೆಯ ಮೇಲೆ: ಬೆಂಜೋಯಿಕ್ ಆಮ್ಲ, 100 ಮಿಲಿ ನೀರು]

ಈಗ ಲೆಕ್ಕಕ್ಕೆ ಬನ್ನಿ, ಮಜಾ ಇರೋದೇ ಇಲ್ಲಿ. ನಮ್ಮ ಪುಡಿ ಬೆಂಜೋಯಿಕ್ ಆಮ್ಲ ಅಂದುಕೊಳ್ಳಿ. ಕುದಿಯೋ 100 ಮಿಲಿ ನೀರು 5 ಗ್ರಾಂಗೂ ಹೆಚ್ಚು ಬೆಂಜೋಯಿಕ್ ಆಮ್ಲವನ್ನ ಕರಗಿಸಿಕೊಳ್ಳುತ್ತೆ. ಅದೇ ನೀರು 25 ಡಿಗ್ರಿಗೆ ಇಳಿದಾಗ ಹಿಡಿದಿಟ್ಟುಕೊಳ್ಳೋದು ಬರೀ 0.34 ಗ್ರಾಂ. 5 ಗ್ರಾಂ ಹಾಕಿದ್ರೆ 4.66 ಗ್ರಾಂ ಹೊರಗೆ ಬೀಳಲೇಬೇಕು.

ಅದರ ಜೊತೆ 0.2 ಗ್ರಾಂ ಕೊಳೆ ಇತ್ತು ಅಂದುಕೊಳ್ಳಿ. ಆ ಕೊಳೆಯೂ ನೀರಲ್ಲಿ ಥೇಟ್ ಬೆಂಜೋಯಿಕ್ ಆಮ್ಲದಷ್ಟೇ ಕರಗುತ್ತೆ ಅಂತಲೂ ಇಟ್ಟುಕೊಳ್ಳಿ, ಒಂದು ಚೂರೂ ಹೆಚ್ಚಲ್ಲ. ತಣ್ಣೀರಲ್ಲಿ ಅದಕ್ಕೂ 0.34 ಗ್ರಾಂನಷ್ಟು ಜಾಗ ಇದೆ. ಇರೋದೇ 0.2. ಮತ್ತೆ ಹೊರಗೆ ಯಾಕೆ ಬರುತ್ತೆ? ಆರಾಮಾಗಿ ಒಳಗೇ ಕೂತಿರುತ್ತೆ!

ಇದು ಹೊಳೆದಾಗ ನಾನು ಪೆನ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಕೊಳೆ ಹೆಚ್ಚು ಕರಗೋ ಸ್ವಭಾವದ್ದೇ ಆಗಿರಬೇಕಿಲ್ಲ. ಅದು ಕಡಿಮೆ ಇದ್ದರೆ ಸಾಕು. ಪರೀಕ್ಷೆ ಮಾಡಿ ನೋಡಿ: ಪುಡಿ, ಕೊಳೆ ಎರಡೂ ತಲಾ 2.5 ಗ್ರಾಂ ಇದ್ದಿದ್ದರೆ? ಎರಡೂ 0.34ರ ಗೆರೆ ದಾಟಿ ಒಟ್ಟಿಗೇ ಹೊರಗೆ ಬೀಳ್ತಿದ್ದವು, ಸೋಸಿದ್ದೂ ದಂಡ. ಅದಕ್ಕೇ ಈ ವಿಧಾನ ಬಹುಪಾಲು ಶುದ್ಧವಾಗಿರೋದನ್ನ ಪೂರ್ತಿ ಶುದ್ಧ ಮಾಡೋಕೆ ಸರಿ, ಕಲಬೆರಕೆಯನ್ನ ಬೇರ್ಪಡಿಸೋಕೆ ಅಲ್ಲ.

"ಬಿಸಿ ದ್ರಾವಕ ಆದಷ್ಟು ಕಡಿಮೆ ಹಾಕಿ" ಅಂತ ಲ್ಯಾಬಲ್ಲಿ ಗದರೋದು ಯಾಕೆ ಅಂತಲೂ ಇದೇ ಲೆಕ್ಕ ಹೇಳುತ್ತೆ. ಧಾರಾಳವಾಗಿ 200 ಮಿಲಿ ಸುರಿದ್ರೆ 0.68 ಗ್ರಾಂ ಬೆಂಜೋಯಿಕ್ ಆಮ್ಲ ನೀರಿನ ಜೊತೆ ಹೋಯ್ತು.

[ತೆರೆಯ ಮೇಲೆ: ಗ್ಲಾಸ್ ರಾಡ್, ಹತ್ತಿರದಿಂದ]

ಇನ್ನು ನನ್ನ ಅಚ್ಚುಮೆಚ್ಚಿನ ಭಾಗ. ಎಡಿಟಿಂಗ್‌ನಲ್ಲಿ ಇದನ್ನ ಕತ್ತರಿಸೋಣ ಅಂದ್ರು, ನಾನು ಬಿಡಲಿಲ್ಲ.

ಒಂದು ಸಲ ದ್ರಾವಣ ಪೂರ್ತಿ ತಣ್ಣಗಾದರೂ ಫ್ಲಾಸ್ಕ್ ಒಳಗೆ ಏನೂ ಇಲ್ಲ. ತಿಳಿನೀರು. ಐಸ್‌ನಲ್ಲಿ ಇಟ್ಟೆ, ಇಲ್ಲ. ಪಕ್ಕದ ಬೆಂಚಿನವಳು ಬಂದು ಏನೂ ಹೇಳದೆ ಗ್ಲಾಸ್ ರಾಡ್ ತಗೊಂಡು, ದ್ರಾವಣದ ಮಟ್ಟದಲ್ಲಿ ಫ್ಲಾಸ್ಕಿನ ಒಳಗೋಡೆಯನ್ನ ಕರಕರ ಅಂತ ಗೀಚಿದಳು. ಹಲ್ಲು ಜುಂ ಅನ್ನೋ ಸದ್ದು. ಗೀಚಿದ ಜಾಗದಲ್ಲಿ ಮಂಜಿನಂಥ ಬಿಳಿ ಗೆರೆ ಮೂಡಿತು. ಅಲ್ಲಿಂದ ಸೂಜಿಗಳು ಹೊರಟವು, ನೋಡ್ತಾ ನೋಡ್ತಾ ಫ್ಲಾಸ್ಕ್ ತುಂಬ ಹತ್ತಿ ತುಂಬಿದಂಗಾಯ್ತು.

ಆಗಿದ್ದು ಇಷ್ಟು. ದ್ರಾವಣ ತನ್ನ ಮಿತಿಗಿಂತ ಹೆಚ್ಚು ಹೊತ್ತು ನಿಂತಿತ್ತು. ಆದರೆ ಹರಳು ಶುರುವಾಗಬೇಕಾದ್ರೆ ಮೊದಲು ಒಂದಿಷ್ಟು ಅಣುಗಳು ಸರಿಯಾದ ಜೋಡಣೆಯಲ್ಲಿ ಕೂಡಬೇಕು. ಆ ಪುಟಾಣಿ ಗುಂಪು ಒಂದು ಗಾತ್ರ ದಾಟೋವರೆಗೂ ಮತ್ತೆ ಮತ್ತೆ ಕರಗಿ ಹೋಗ್ತಾನೇ ಇರುತ್ತೆ. ನುಣುಪಾದ ಗಾಜಿನಲ್ಲಿ ಅದಕ್ಕೆ ಆಸರೆ ಇಲ್ಲ. ಗೀಚಿದಾಗ ಒರಟು ಜಾಗ ಸಿಗುತ್ತೆ, ಗಾಜಿನ ಸಣ್ಣ ಚೂರೂ ಉದುರುತ್ತೆ, ಅಣುಗಳಿಗೆ ಹಿಡಿದು ನಿಲ್ಲೋಕೆ ಅಷ್ಟು ಸಾಕು. ಶುದ್ಧ ಹರಳಿನ ಒಂದು ಚೂರನ್ನ ಬೀಜದ ಥರ ಹಾಕಿದರೂ ಆಗುತ್ತೆ.

ಕೈ ಬೆಚ್ಚಗೆ ಮಾಡೋ ಹೀಟ್ ಪ್ಯಾಕ್ ನೋಡಿದ್ದೀರಾ? ಒಳಗಿನ ಲೋಹದ ಬಿಲ್ಲೆಯನ್ನ ಟಕ್ ಅನ್ನಿಸಿದ ಕೂಡಲೇ ದ್ರವ ಗಟ್ಟಿಯಾಗಿ ಬಿಸಿಯಾಗುತ್ತೆ. ಅದು ಸೋಡಿಯಂ ಅಸಿಟೇಟ್. 58 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಬೇಕಾದ್ದು, ಶುರುಮಾಡೋರಿಲ್ಲದೆ ದ್ರವವಾಗೇ ಕಾಯ್ತಾ ಇರುತ್ತೆ. ನನ್ನ ಫ್ಲಾಸ್ಕ್ ಕೂಡ ಅದೇ ಸ್ಥಿತಿಯಲ್ಲಿತ್ತು.

[ತೆರೆಯ ಮೇಲೆ: ಗಡಿಯಾರ]

ಅಯ್ಯೋ, ಸಮಯ ಆಗ್ತಾ ಬಂತು, ಉಳಿದಿದ್ದೆಲ್ಲ ಒಂದೇ ಉಸಿರಲ್ಲಿ. ಕರಗದ ಕಸ ಇದ್ದರೆ ಬಿಸಿಯಲ್ಲೇ ಸೋಸಿ. ಬಣ್ಣ ಇದ್ದರೆ ಅದನ್ನ ಹೀರಿಕೊಳ್ಳೋ ಆಕ್ಟಿವೇಟೆಡ್ ಇದ್ದಿಲು ಚಿಟಿಕೆಯಷ್ಟು, ಅದೂ ಸ್ವಲ್ಪ ಆರಿದ ಮೇಲೆ. ಕುದಿಯುವಾಗ ಹಾಕಿದ್ರೆ ಉಕ್ಕಿ ಮೈಮೇಲೆ ಬರುತ್ತೆ. ತಾನಾಗಿ ತಣಿಯೋಕೆ ಬಿಡಿ, ಐಸ್ ಕೊನೆಗೆ. ಅವಸರ ಮಾಡಿದ್ರೆ ಹರಳು ಬೆಳೀತಾ ಕೊಳೆಯನ್ನೂ ಒಳಗೇ ಹಾಕಿಕೊಂಡು ಮುಚ್ಚಿಬಿಡುತ್ತೆ. ತೊಳೆಯೋದು ತಣ್ಣನೆಯ ದ್ರಾವಕದಲ್ಲಿ, ಅದೂ ಸ್ವಲ್ಪವೇ. ಅಡುಗೆ ಉಪ್ಪಿನ ಮೇಲೆ ಇದನ್ನ ಪ್ರಯೋಗಿಸೋಕೆ ಹೋಗಬೇಡಿ: 100 ಮಿಲಿ ನೀರಲ್ಲಿ 0 ಡಿಗ್ರಿಗೆ ಸುಮಾರು 36 ಗ್ರಾಂ, 100 ಡಿಗ್ರಿಗೆ 39. ತಣಿಸಿ ಬರೋದೇನು, ಮಣ್ಣು!

ಒಂದೇ ಒಂದು ವಿಷಯ ಹೇಳಿ ಹೊರಡ್ತೀನಿ. ಕೊಳೆಯ ಗಾತ್ರ, ಆಕಾರ ಹರಳಿನ ಜೋಡಣೆಗೆ ಹೊಂದಿಬಿಟ್ಟರೆ ಮೇಲಿನ ಲೆಕ್ಕವೆಲ್ಲ ಕೈಕೊಡುತ್ತೆ, ಚಿಟಿಕೆಯಷ್ಟಿದ್ದರೂ ಒಳಗೆ ನುಸುಳುತ್ತೆ. ಮೇರಿ ಕ್ಯೂರಿ ಎದುರಿಗಿದ್ದದ್ದು ಇದೇ. ಬೇರಿಯಂ ಕ್ಲೋರೈಡ್ ಹರಳಿನೊಳಗೆ ರೇಡಿಯಂ ಹಾಯಾಗಿ ಸೇರಿಕೊಳ್ಳುತ್ತೆ. ಆದರೆ ರೇಡಿಯಂ ಕ್ಲೋರೈಡ್ ಕರಗೋದು ತುಸು ಕಡಿಮೆ, ಹಾಗಾಗಿ ಪ್ರತಿ ಸಲವೂ ಹರಳಿನಲ್ಲಿ ರೇಡಿಯಂ ಪಾಲು ಸ್ವಲ್ಪ ಏರುತ್ತೆ. ಆ ಸ್ವಲ್ಪವನ್ನೇ ಹಿಡಿದು ಕರಗಿಸಿ, ಹರಳಾಗಿಸಿ, ಮತ್ತೆ ಕರಗಿಸಿ, ಟನ್‌ಗಟ್ಟಲೆ ಅದಿರಿನಿಂದ 1902ರಲ್ಲಿ ಅವರ ಕೈಗೆ ಸಿಕ್ಕಿದ್ದು 0.1 ಗ್ರಾಂ ರೇಡಿಯಂ ಕ್ಲೋರೈಡ್.