ಮೊದಲು ಸರಪಳಿ, ಆಮೇಲೆ ಇರಿಡಿಯಂ

ಓಎಲ್‌ಇಡಿ (ವಿದ್ಯುತ್ ಕೊಟ್ಟರೆ ಬೆಳಗುವ ಸಾವಯವ ಪದರಗಳ ಸಾಧನ) ಮಾತು ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಇರಿಡಿಯಂ ಎಂಬ ಭಾರದ ಲೋಹ. ಯಾವ ಲೋಹ, ಯಾವ ಬಣ್ಣ, ಎಷ್ಟು ದಕ್ಷತೆ, ಬರೀ ಇದೇ ಚರ್ಚೆ. ಆ ಲೋಹವನ್ನು ಹೊತ್ತು ನಿಂತಿರುವ ಪಾಲಿಮರ್ ಸರಪಳಿ, ಅಂದರೆ ಸಣ್ಣ ಕೊಂಡಿಗಳು ಸಾಲಾಗಿ ಸೇರಿದ ಉದ್ದನೆಯ ಅಣು ಇದೆಯಲ್ಲ, ಅದನ್ನು ಯಾರೂ ಕೇಳುವುದೇ ಇಲ್ಲ. ನನಗೆ ಇದು ನಿಜವಾಗಿ ಬೇಸರ ತರಿಸುತ್ತದೆ, ಯಾಕಂದರೆ ಎಷ್ಟೋ ಸಲ ಬೆಳಕನ್ನು ನುಂಗುವುದು ಆ ಸರಪಳಿಯೇ.

ಸ್ವಲ್ಪ ಹಿಂದಿನಿಂದ ಬರೋಣ. ಸಾಧನಕ್ಕೆ ವೋಲ್ಟೇಜ್ ಕೊಟ್ಟಾಗ ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಬಂದು ಸೇರುತ್ತವೆ. ಅವುಗಳ ಸ್ಪಿನ್, ಅಂದರೆ ಕಣಕ್ಕೆ ಹುಟ್ಟಿನಿಂದಲೇ ಇರುವ ಒಂದು ಕಾಂತೀಯ ಗುಣ, ನಾಲ್ಕು ರೀತಿಯಲ್ಲಿ ಹೊಂದಿಕೊಳ್ಳಬಹುದು. ಒಂದು ರೀತಿ ಸಿಂಗ್ಲೆಟ್, ಉಳಿದ ಮೂರು ಟ್ರಿಪ್ಲೆಟ್. ಸಾಮಾನ್ಯ ಸಾವಯವ ವಸ್ತುವಿನಲ್ಲಿ ಸಿಂಗ್ಲೆಟ್ ಮಾತ್ರ ಬೆಳಕು ಕೊಡುತ್ತದೆ, ಅಂದರೆ ಸುಮಾರು 25%. ಉಳಿದ 75% ಸುಮ್ನೆ ಶಾಖವಾಗಿ ಹೋಗುತ್ತದೆ. 1990ರಲ್ಲಿ ಕೇಂಬ್ರಿಡ್ಜ್‌ನವರು ಪಿಪಿವಿ ಎಂಬ ಪಾಲಿಮರ್‌ನಿಂದ ಬೆಳಕು ತೆಗೆದಾಗಲೂ ಅದು ಬಂದದ್ದು ಸಿಂಗ್ಲೆಟ್‌ನಿಂದಲೇ.

1998ರಲ್ಲಿ ಅಮೆರಿಕದ ಸಂಶೋಧಕರಾದ ಫಾರೆಸ್ಟ್ ಮತ್ತು ಥಾಂಪ್ಸನ್ ಅವರ ತಂಡಗಳು ಪ್ಲಾಟಿನಂ ಇರುವ ಪೋರ್ಫಿರಿನ್ ಎಂಬ ಉಂಗುರದಾಕಾರದ ಅಣು ಹಾಕಿ ಟ್ರಿಪ್ಲೆಟ್‌ನಿಂದಲೂ ಬೆಳಕು ತೆಗೆದು ತೋರಿಸಿದವು. ಭಾರವಾದ ಪರಮಾಣುವಿನ ಹತ್ತಿರ ಎಲೆಕ್ಟ್ರಾನಿನ ಸ್ಪಿನ್ನೂ ಅದರ ಸುತ್ತಾಟವೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮುಚ್ಚಿದ್ದ ದಾರಿ ತೆರೆಯುತ್ತದೆ. ಮರುವರ್ಷ ಇರಿಡಿಯಂ ಬಂತು, ಹಸಿರು ಬಣ್ಣದಲ್ಲಿ. 2001ರ ಹೊತ್ತಿಗೆ ಸಾಧನದ ಒಳಗಿನ ದಕ್ಷತೆ 100%ರ ಹತ್ತಿರ ಬಂದಿತ್ತು! ಆದರೆ ಇವೆಲ್ಲ ನಿರ್ವಾತದಲ್ಲಿ ಕಾಯಿಸಿ ಆವಿ ಮಾಡಿ ಪದರ ಹಚ್ಚುವ ಸಣ್ಣ ಅಣುಗಳು.

ಪಾಲಿಮರ್ ಯಾಕೆ ಬೇಕು ಅಂದರೆ, ಅದನ್ನು ದ್ರಾವಕದಲ್ಲಿ ಕರಗಿಸಿ ಶಾಯಿಯ ಹಾಗೆ ಮುದ್ರಿಸಬಹುದು, ದೊಡ್ಡ ಹಾಳೆಯ ಮೇಲೂ ಹರಡಬಹುದು. ಲೋಹದ ಸಂಕೀರ್ಣವನ್ನು (ಲೋಹದ ಸುತ್ತ ಸಾವಯವ ತುಣುಕುಗಳು ಅಂಟಿದ ಅಣು) ಅದರಲ್ಲಿ ಬರೀ ಬೆರೆಸಿಬಿಟ್ಟರೆ ಸಾಲದು. ದಿನ ಕಳೆದ ಹಾಗೆ ಆ ಅಣುಗಳು ಒಂದೆಡೆ ಗುಂಪು ಕಟ್ಟುತ್ತವೆ, ಟ್ರಿಪ್ಲೆಟ್‌ಗಳು ಹತ್ತಿರ ಬಂದು ಒಂದನ್ನೊಂದು ಕೊಲ್ಲುತ್ತವೆ. ಅದಕ್ಕೇ ಲೋಹವನ್ನು ರಾಸಾಯನಿಕ ಬಂಧದಿಂದ ಸರಪಳಿಗೇ ಕಟ್ಟುವುದು, ಪಕ್ಕದ ಕೊಂಬೆಯಾಗಿಯೋ, ಸರಪಳಿಯೊಳಗಿನ ಒಂದು ಕೊಂಡಿಯಾಗಿಯೋ.

ಕಟ್ಟಿದ ಮೇಲೆ ಏನಾಗುತ್ತದೆ ನೋಡಿ. ಎತ್ತರದಿಂದ ತಗ್ಗಿಗೆ ನೀರು ಹರಿಯುವ ಹಾಗೆ ಟ್ರಿಪ್ಲೆಟ್ ಶಕ್ತಿಯೂ ಕೆಳಗೆ ಹರಿಯುತ್ತದೆ. ಹಸಿರು ಇರಿಡಿಯಂ ಸಂಕೀರ್ಣದ ಟ್ರಿಪ್ಲೆಟ್ ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಎತ್ತರದಲ್ಲಿದೆ. ಬಹಳ ಜನ ಬಳಸುವ ಪಾಲಿಫ್ಲೋರಿನ್ ಎಂಬ ಪಾಲಿಮರ್‌ನದು ಸುಮಾರು 2.1. ಅಲ್ಲಿಗೆ ಮುಗಿಯಿತು, ಅಲ್ವಾ? ಲೋಹ ಹಿಡಿದ ಶಕ್ತಿ ಸರಪಳಿಗೆ ಜಾರುತ್ತದೆ, ಸರಪಳಿಗೆ ಅದರಿಂದ ಬೆಳಕು ಮಾಡಲು ಬರುವುದಿಲ್ಲ. ಕೆಂಪು ಬೆಳಕಿನ ಶಕ್ತಿ ಹಸಿರಿಗಿಂತ ಕಡಿಮೆ; ಪಾಲಿಫ್ಲೋರಿನ್ ಮೇಲೆ ಕೆಂಪು ಚೆನ್ನಾಗಿ ಬರುವುದಕ್ಕೂ ಹಸಿರು ಸೊರಗುವುದಕ್ಕೂ ಕಾರಣ ಇದೇ. ನೀಲಿಗೆ ಇನ್ನೂ ಜಾಸ್ತಿ ಎತ್ತರ ಬೇಕು.

ದಾರಿಗಳಿವೆ. ಕಾರ್ಬಜೋಲ್ ಎಂಬ ಸಾವಯವ ಕೊಂಡಿಗಳನ್ನು ಅವುಗಳ 3 ಮತ್ತು 6ನೇ ಸ್ಥಾನಗಳಲ್ಲಿ ಜೋಡಿಸಿದರೆ ಸರಪಳಿಯುದ್ದಕ್ಕೂ ಎಲೆಕ್ಟ್ರಾನ್‌ಗಳು ಹರಡುವುದು ತುಂಡಾಗುತ್ತದೆ, ಟ್ರಿಪ್ಲೆಟ್ ಮೇಲೇರುತ್ತದೆ. ಲೋಹಕ್ಕೂ ಸರಪಳಿಗೂ ನಡುವೆ ಇಂಗಾಲದ ಒಂದು ಉದ್ದನೆಯ ಕೊಂಡಿ ಹಾಕಿದರೆ ಅವೆರಡೂ ದೂರ ನಿಲ್ಲುತ್ತವೆ, ಶಕ್ತಿ ಹಿಂದೆ ಜಾರುವುದು ಕಡಿಮೆಯಾಗುತ್ತದೆ. ಇಲ್ಲವೇ ಸರಪಳಿಯ ಬೆನ್ನೆಲುಬನ್ನೇ ವಿದ್ಯುತ್ ಹರಿಯದ ಹಾಗೆ ಮಾಡಿ, ಕೆಲಸವೆಲ್ಲವನ್ನೂ ಪಕ್ಕದ ಕೊಂಬೆಗಳಿಗೆ ಬಿಡಬಹುದು. ಆದರೆ ಟ್ರಿಪ್ಲೆಟ್ ಎತ್ತರಿಸಿದಷ್ಟೂ ಸಾಮಾನ್ಯವಾಗಿ ವಿದ್ಯುದಾವೇಶ ಸಾಗುವುದು ಕಷ್ಟವಾಗುತ್ತದೆ, ವೋಲ್ಟೇಜ್ ಏರುತ್ತದೆ, ಖರ್ಚಾದ ವಿದ್ಯುತ್ತಿಗೆ ಸಿಗುವ ಬೆಳಕು ಇಳಿಯುತ್ತದೆ. ಈ ಎಳೆದಾಟವೇ ನಿಜವಾದ ವಿನ್ಯಾಸ. ಹೊಸ ಲೋಹ ಹುಡುಕಿದ ಮಾತ್ರಕ್ಕೆ ಇದು ಬಗೆಹರಿಯುವುದಿಲ್ಲ.

ಇನ್ನೊಂದು ವಿಷಯ, ಶುದ್ಧತೆ. ಸಣ್ಣ ಅಣುಗಳನ್ನು ಆವಿ ಮಾಡಿ ಮತ್ತೆ ಹರಳಾಗಿಸಿ ಶುದ್ಧ ಮಾಡಬಹುದು. ಪಾಲಿಮರ್‌ಗೆ ಆ ಅನುಕೂಲ ಇಲ್ಲ. ಸರಪಳಿ ಜೋಡಿಸಲು ವೇಗವರ್ಧಕವಾಗಿ ಹಾಕಿದ ಪಲ್ಲಾಡಿಯಂ ಲೋಹ ಒಳಗೇ ಉಳಿದರೆ ಅದೂ ಬೆಳಕನ್ನು ತಿನ್ನುತ್ತದೆ.

ಹಾಗಾಗಿ ದಕ್ಷತೆಯ ದಾಖಲೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಷ್ಟು ಹೊಳಪಿನಲ್ಲಿ? ಮಂದ ಬೆಳಕಿನಲ್ಲಿ ಸಿಕ್ಕ ಸಂಖ್ಯೆ ಹೊಳಪು ಏರಿಸಿದ ಹಾಗೆ ಕುಸಿಯುತ್ತದೆ. ಎಷ್ಟು ಗಂಟೆ ಬಾಳಿತು ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಲೋಹ ಕಟ್ಟುವ ಮೊದಲು ಇನ್ನೊಂದು ಅಳತೆ ಮಾಡಲೇಬೇಕು. ಬರೀ ಸರಪಳಿಯನ್ನು ತಯಾರಿಸಿ, ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿ, ಲೇಸರ್‌ನ ಮಿಂಚು ಆರಿದ ಮೇಲೆ ಕಾದು ಕೂತು ಅದರ ಫಾಸ್ಫರೆಸೆನ್ಸ್, ಅಂದರೆ ಟ್ರಿಪ್ಲೆಟ್‌ನಿಂದ ಬರುವ ಬೆಳಕು, ಹಿಡಿಯಿರಿ. ಅದು ತೀರಾ ಮಂದ, ತಡವಾಗಿ ಬರುತ್ತದೆ, ತಾಳ್ಮೆ ಬೇಕು. ಅದರಿಂದ ಸಿಗುವ ಟ್ರಿಪ್ಲೆಟ್ ಶಕ್ತಿ 2.4ಕ್ಕಿಂತ ಕೆಳಗೆ ಬಂದರೆ, ಹಸಿರು ಇರಿಡಿಯಂ ಅನ್ನು ಅದಕ್ಕೆ ಕಟ್ಟಬೇಡಿ.